ಗಂಡನ ಹಳೇ ಬಾಕಿಗೆ ಹೆಂಡತಿಯ ರಿಫಂಡ್ ಹೋದಾಗ

ಪ್ರಶ್ನೆ: ಮೇಡಂ, ನನ್ನ ಊರು ದಾವಣಗೆರೆ, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ಯಜಮಾನರಿಗೆ ಇದು ಎರಡನೇ ಮದುವೆ. ಮೊದಲ ಮದುವೆಯ ಮಗಳಿಗೆ ಹನ್ನೊಂದು ವರ್ಷ, ಇದೇ ರಾಜ್ಯದಲ್ಲಿ ತಾಯಿಯ ಜೊತೆ ಇದ್ದಾಳೆ. ತಿಂಗಳಿಗೆ 950 ಡಾಲರ್ ಚೈಲ್ಡ್ ಸಪೋರ್ಟ್ ಕೊಡಬೇಕೆಂದು ಕೋರ್ಟ್ ಆದೇಶವಿದೆ. 2023ರಲ್ಲಿ ಲೇಆಫ್ ಆಗಿ ಇವರಿಗೆ ವರ್ಷವಿಡೀ ಕೆಲಸ ಇರಲಿಲ್ಲ, ಆಗ ಕಟ್ಟದೇ ಉಳಿದದ್ದು 11,400 ಡಾಲರ್. ಹೊಸ ಕೆಲಸಕ್ಕೆ ಸೇರಿದ ಮೇಲೆ ಸಂಬಳದಿಂದಲೇ ನೇರವಾಗಿ ಹಿಡಿಯುತ್ತಿದ್ದಾರೆ. 2024ರ ಸಾಲಿಗೆ ಇಬ್ಬರೂ ಸೇರಿ ಜಾಯಿಂಟ್ ರಿಟರ್ನ್ ಹಾಕಿದೆವು. 4,718 ಡಾಲರ್ ರಿಫಂಡ್ ಬರಬೇಕಿತ್ತು, ಬಂದದ್ದು ಒಂದು ಕಾಗದ ಮಾತ್ರ: ಪೂರ್ತಿ ಹಣವನ್ನು ಬಾಕಿಗೆ ವಜಾ ಮಾಡಿಕೊಂಡಿದ್ದಾರಂತೆ. ನನ್ನ ಸಂಬಳ 70,000, ಕಟ್ ಆದ ತೆರಿಗೆ 11,000. ಅವರ ಸಂಬಳ 60,000, ಕಟ್ ಆದದ್ದು 6,000. ನನ್ನ ದುಡ್ಡು ಹೀಗೆ ತೆಗೆದುಕೊಳ್ಳಲು ಬರುತ್ತದೆಯೇ? ಕನ್ನಡ ಕೂಟದಲ್ಲಿ ಒಬ್ಬರು ‘ಇನ್ನೋಸೆಂಟ್ ಸ್ಪೌಸ್ ಫಾರ್ಮ್ ಹಾಕಿ’ ಎಂದರು. ಇನ್ನೊಬ್ಬರು ‘ಮುಂದಿನ ಸಲ ಹೆಡ್ ಆಫ್ ಹೌಸ್‌ಹೋಲ್ಡ್ ಅಂತ ಹಾಕಿಬಿಡಿ’ ಎಂದರು. ಇವರಿಗೆ ಡಾಲಸ್‌ನಲ್ಲಿ ಕೆಲಸದ ಮಾತುಕತೆ ನಡೆದಿದೆ. ಡಿಸೆಂಬರ್‌ನಲ್ಲಿ ತಮ್ಮನ ಮದುವೆಗೆ ಊರಿಗೂ ಹೋಗಬೇಕು. ಇವರು ಅಮೆರಿಕದ ಸಿಟಿಜನ್, ನನ್ನದು ಗ್ರೀನ್ ಕಾರ್ಡ್. ಮಕ್ಕಳಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಆತಂಕ ಎರಡು. ಹೋದ ಹಣದಲ್ಲಿ ನಿಮ್ಮ ಪಾಲು ವಾಪಸ್ ಬರುತ್ತದೆಯೇ ಎಂಬುದು ಒಂದು, ಇದು ಪ್ರತಿ ವರ್ಷದ ಪಾಡಾಗುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬರುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ, ನೀವು ಕೊಟ್ಟ ಅಂಕಿಗಳ ಪ್ರಕಾರ ಸುಮಾರು 3,861 ಡಾಲರ್. ಎರಡನೆಯದು ನೀವಿಬ್ಬರೂ ಈಗ ಏನು ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ.

ನಮ್ಮ ಊರುಗಳಿಂದ ಬಂದವರಿಗೆ ಇದು ಇಷ್ಟು ವಿಚಿತ್ರವಾಗಿ ಕಾಣಲು ಕಾರಣವಿದೆ. ಭಾರತದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕುವ ಪದ್ಧತಿಯೇ ಇಲ್ಲ. ಅವರವರ ಪ್ಯಾನ್, ಅವರವರ ರಿಟರ್ನ್, ಅವರವರ ರಿಫಂಡ್. ಆದಾಯ ತೆರಿಗೆ ಇಲಾಖೆ ರಿಫಂಡ್ ಹಿಡಿದುಕೊಂಡರೂ ಅದು ಆ ವ್ಯಕ್ತಿಯದೇ ತೆರಿಗೆ ಬಾಕಿಗೆ. ಇಲ್ಲಿ ಹಾಗಲ್ಲ. ಜಾಯಿಂಟ್ ರಿಟರ್ನ್‌ಗೆ ಇಬ್ಬರೂ ಸಹಿ ಹಾಕಿದರೆ ಎರಡು ಸಂಬಳ, ಎರಡು ಸಂಬಳದಿಂದ ಕಟ್ ಆದ ತೆರಿಗೆ, ಎಲ್ಲ ಸೇರಿ ಒಂದೇ ರಿಫಂಡ್ ಆಗುತ್ತದೆ. ಆ ರಿಫಂಡ್‌ನಲ್ಲಿ ಯಾರ ಡಾಲರ್ ಎಷ್ಟು ಎಂದು ಬಿಡಿಸಿ ನೋಡುವ ಗೋಜಿಗೆ ಸರ್ಕಾರ ತಾನಾಗಿ ಹೋಗುವುದಿಲ್ಲ. ಬಿಡಿಸಿ ಕೊಡಿ ಎಂದು ನೀವೇ ಕೇಳಬೇಕು.

ತೆಗೆದುಕೊಂಡದ್ದು ಕಾನೂನುಬದ್ಧವೇ? ಹೌದು. ಚೈಲ್ಡ್ ಸಪೋರ್ಟ್ ಬಾಕಿಗೆ ಫೆಡರಲ್ ರಿಫಂಡ್ ಹಿಡಿಯುವ ಕ್ರಮ 1981ರ ಕಾಯ್ದೆಯಿಂದಲೂ ಇದೆ. ಬಾಕಿಯ ಪಟ್ಟಿಯನ್ನು ರಾಜ್ಯದ ಚೈಲ್ಡ್ ಸಪೋರ್ಟ್ ಏಜೆನ್ಸಿ ಕಳಿಸುತ್ತದೆ. ಖಜಾನೆ ಇಲಾಖೆಯ ಬ್ಯೂರೋ ಆಫ್ ದ ಫಿಸ್ಕಲ್ ಸರ್ವಿಸ್ ಎಂಬ ವಿಭಾಗ ‘ಟ್ರೆಷರಿ ಆಫ್‌ಸೆಟ್ ಪ್ರೋಗ್ರಾಂ’ ಅಡಿ ಆ ಪಟ್ಟಿಯನ್ನು ರಿಫಂಡ್‌ಗಳ ಜೊತೆ ತಾಳೆ ನೋಡುತ್ತದೆ. ಮಗುವನ್ನು ನೋಡಿಕೊಳ್ಳುವವರು ಸರ್ಕಾರದ ನಗದು ನೆರವು ಪಡೆದಿದ್ದ ಪ್ರಕರಣವಾದರೆ 150 ಡಾಲರ್, ಇಲ್ಲದಿದ್ದರೆ 500 ಡಾಲರ್ ಬಾಕಿ ಇದ್ದರೂ ಪಟ್ಟಿಗೆ ಹೆಸರು ಹೋಗಬಹುದು. ಐಆರ್‌ಎಸ್, ಅಂದರೆ ಅಮೆರಿಕದ ತೆರಿಗೆ ಇಲಾಖೆ, ಇಲ್ಲಿ ಬರೀ ದುಡ್ಡಿನ ಪೆಟ್ಟಿಗೆ. ಅವರಿಗೆ ಫೋನ್ ಮಾಡಿ ‘ಬಾಕಿ ಅಷ್ಟಿಲ್ಲ’ ಎಂದು ವಾದ ಮಾಡಿ ಪ್ರಯೋಜನವಿಲ್ಲ, ಆ ತಕರಾರು ಏನಿದ್ದರೂ ಬಾಕಿ ತೋರಿಸಿದ ಏಜೆನ್ಸಿಯ ಹತ್ತಿರವೇ. ರಿಫಂಡ್ ಹಿಡಿಯುವ ಮುಂಚೆ ಬಾಕಿದಾರರಿಗೆ ಒಂದು ಎಚ್ಚರಿಕೆ ಪತ್ರ ಹೋಗುವುದು ಕ್ರಮ. ಅದು ಹಳೇ ವಿಳಾಸಕ್ಕೆ ಹೋಯಿತೋ, ಬಂದು ಎಲ್ಲೋ ಸೇರಿಕೊಂಡಿತೋ, ಅದು ನೀವಿಬ್ಬರೂ ಕೂತು ಆಡಬೇಕಾದ ಮಾತು. ಆದರೆ ಆಡಿ.

ನಿಮ್ಮ ಯಜಮಾನರ ಸಂಬಳದಿಂದ ಕ್ರಮವಾಗಿ ಹಿಡಿಯುತ್ತಿದ್ದಾರಲ್ಲ, ಮತ್ತೆ ರಿಫಂಡ್ ಯಾಕೆ ಮುಟ್ಟಿದರು ಎಂಬ ಪ್ರಶ್ನೆ ಬಹಳ ಮಂದಿಗೆ ಬರುತ್ತದೆ. ಈಗಿನ ತಿಂಗಳುಗಳ ಕಂತು ಸರಿಯಾಗಿ ಹೋಗುತ್ತಿದ್ದರೂ ಹಳೇ ಬಾಕಿ ಬಾಕಿಯೇ. ಕಂತಿನ ಒಪ್ಪಂದ ಇದ್ದರೂ ರಿಫಂಡ್ ಹಿಡಿಯಲು ಅಡ್ಡಿಯಿಲ್ಲ.

ಇನ್ನು ಕೂಟದಲ್ಲಿ ಸಿಕ್ಕ ಸಲಹೆಗಳು. ‘ಇನ್ನೋಸೆಂಟ್ ಸ್ಪೌಸ್’ ಎಂಬುದು ಫಾರ್ಮ್ 8857. ನಿಮ್ಮ ಗಂಡ ಆದಾಯ ಮುಚ್ಚಿಟ್ಟು, ಆ ತೆರಿಗೆಯ ಹೊರೆ ನಿಮ್ಮ ತಲೆಗೂ ಬಂದಾಗ ‘ನನಗೆ ಗೊತ್ತಿರಲಿಲ್ಲ’ ಎಂದು ಕೇಳಿಕೊಳ್ಳುವ ಅರ್ಜಿ ಅದು. ನಿಮ್ಮ ರಿಟರ್ನ್‌ನಲ್ಲಿ ತಪ್ಪೇನೂ ಇಲ್ಲ, ಹಾಗಾಗಿ ಅದು ನಿಮಗೆ ಸಂಬಂಧಪಟ್ಟದ್ದಲ್ಲ. ನಿಮಗೆ ಬೇಕಾದದ್ದು ‘ಇಂಜರ್ಡ್ ಸ್ಪೌಸ್’, ಫಾರ್ಮ್ 8379: ಗಂಡನ ಬಾಕಿಗೆ ಹೋದ ರಿಫಂಡ್‌ನಲ್ಲಿ ನಿಮ್ಮ ಪಾಲು ವಾಪಸ್ ಕೇಳುವ ಅರ್ಜಿ. ಇವೆರಡನ್ನು ಅದಲುಬದಲು ಮಾಡಿ ತಿಂಗಳುಗಟ್ಟಲೆ ಕಾದು ಕೂತವರನ್ನು ನನ್ನ ಕೆಲಸದಲ್ಲಿ ನೋಡುತ್ತಲೇ ಇರುತ್ತೇನೆ. ರಿಟರ್ನ್ ಹಾಕಿಕೊಟ್ಟ ಏಜೆಂಟರೇ ತಪ್ಪು ಫಾರ್ಮ್ ಹಾಕಿದ ಪ್ರಕರಣಗಳೂ ಅದರಲ್ಲಿವೆ.

ಹೆಡ್ ಆಫ್ ಹೌಸ್‌ಹೋಲ್ಡ್ ಸಲಹೆ ಕೊಟ್ಟವರ ಮಾತನ್ನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡಿ. ಅದು ಒಬ್ಬರೇ ಮನೆ ನಡೆಸುವವರಿಗಿರುವ ರಿಟರ್ನ್. ಮದುವೆಯಾದವರು ಹಾಗೆ ಹಾಕಬೇಕೆಂದರೆ ವರ್ಷದ ಕೊನೆಯ ಆರು ತಿಂಗಳು ಗಂಡ ಹೆಂಡತಿ ಒಂದೇ ಮನೆಯಲ್ಲಿ ಇದ್ದಿರಬಾರದು, ಜೊತೆಗೆ ಮನೆಯಲ್ಲಿ ಅವಲಂಬಿತ ಮಗು ಇರಬೇಕು. ನಿಮಗೆ ಎರಡೂ ಅನ್ವಯಿಸುವುದಿಲ್ಲ. ಹಾಕಿದರೆ ಅದು ಸುಳ್ಳು ರಿಟರ್ನ್. ಗ್ರೀನ್ ಕಾರ್ಡ್‌ನಲ್ಲಿರುವ ನೀವು ಮುಂದೆ ಸಿಟಿಜನ್‌ಶಿಪ್ ಅರ್ಜಿ ಹಾಕುವಾಗ ತೆರಿಗೆ ಕಾಗದಗಳನ್ನು ಕೇಳುತ್ತಾರೆ ಎಂಬುದು ನೆನಪಿರಲಿ.

‘ಮದುವೆಯಾದ ಮೇಲೆ ಅವನ ಸಾಲ ನಿನ್ನ ಸಾಲ’ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಜಾಯಿಂಟ್ ರಿಟರ್ನ್‌ನ ತೆರಿಗೆಗೆ ನೀವಿಬ್ಬರೂ ಬಾಧ್ಯರು, ಸರಿ. ಆದರೆ ಮೊದಲ ಮದುವೆಯ ಮಗುವಿನ ಪೋಷಣೆಯ ಆದೇಶ ಅವರೊಬ್ಬರ ಮೇಲಿದೆ. ಅದಕ್ಕೆ ನೀವು ಬಾಧ್ಯರಲ್ಲ. 8379 ಹಾಕುವ ಅರ್ಹತೆಯ ಬುಡವೇ ಇದು: ಬಾಕಿ ನಿಮ್ಮದಾಗಿರಬಾರದು, ರಿಟರ್ನ್‌ನಲ್ಲಿ ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆ ಅಥವಾ ನಿಮಗೆ ಸಲ್ಲುವ ಮರುಪಾವತಿ ಕ್ರೆಡಿಟ್ (ತೆರಿಗೆ ಬಾಧ್ಯತೆ ಇಲ್ಲದಿದ್ದರೂ ಕೈಗೆ ಬರುವ ರಿಯಾಯಿತಿ) ಇರಬೇಕು. ಮನೆಯಲ್ಲೇ ಇದ್ದು, ಸ್ವಂತ ಆದಾಯ ಇಲ್ಲದೆ ಹೆಸರಿಗಷ್ಟೇ ರಿಟರ್ನ್‌ನಲ್ಲಿರುವ ಎಚ್-4 (ಗಂಡನ ಕೆಲಸದ ವೀಸಾದ ಆಧಾರದ ಅವಲಂಬಿತ ವೀಸಾ) ಹೆಣ್ಣುಮಕ್ಕಳಿಗೆ ಈ ಫಾರ್ಮ್‌ನಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ವಾಪಸ್ ಕೊಡಲು ಅವರ ಹೆಸರಿನಲ್ಲಿ ಕಟ್ಟಿದ ತೆರಿಗೆಯೇ ಇರುವುದಿಲ್ಲ.

ಈಗ 3,861 ಹೇಗೆ ಬಂತು ಎಂದು ನೋಡೋಣ. ರಿಫಂಡ್ ಅನ್ನು ಅರ್ಧರ್ಧ ಮಾಡಿ 2,359 ಕೊಡುತ್ತಾರೆ ಎಂದುಕೊಳ್ಳುವವರೇ ಹೆಚ್ಚು. ನ್ಯೂಜೆರ್ಸಿಯಂಥ ರಾಜ್ಯದಲ್ಲಿ ಲೆಕ್ಕ ಹಾಗಿಲ್ಲ. ನಿಮ್ಮಿಬ್ಬರ ಒಟ್ಟು ಆದಾಯ 1,30,000. 2024ರ ಸ್ಟ್ಯಾಂಡರ್ಡ್ ಡಿಡಕ್ಷನ್ 29,200 ಕಳೆದರೆ ತೆರಿಗೆಗೆ ಒಳಪಡುವುದು 1,00,800, ಅದರ ಮೇಲಿನ ಜಾಯಿಂಟ್ ತೆರಿಗೆ 12,282. ಇದನ್ನು ಇಬ್ಬರಿಗೂ ಹಂಚುವ ಮುಂಚೆ, ನೀವು ಬೇರೆ ಬೇರೆ ರಿಟರ್ನ್ ಹಾಕಿದ್ದರೆ ಯಾರಿಗೆ ಎಷ್ಟು ತೆರಿಗೆ ಬರುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ: ನಿಮಗೆ 7,241, ಅವರಿಗೆ 5,216. ಅದೇ ಪ್ರಮಾಣದಲ್ಲಿ 12,282 ಅನ್ನು ಹಂಚಿದರೆ ನಿಮ್ಮ ಪಾಲಿನ ತೆರಿಗೆ 7,139, ಅವರದು 5,143. ನಿಮ್ಮ ಸಂಬಳದಿಂದ ಕಟ್ ಆದದ್ದು 11,000, ಅಂದರೆ ನೀವು ಹೆಚ್ಚು ಕಟ್ಟಿದ್ದು 3,861. ಅವರು ಹೆಚ್ಚು ಕಟ್ಟಿದ್ದು 857. ಬೇರೆ ಆದಾಯವಾಗಲಿ ಕ್ರೆಡಿಟ್ ಆಗಲಿ ಇಲ್ಲ ಎಂಬ ಊಹೆಯ ಮೇಲೆ ಹಾಕಿದ ಲೆಕ್ಕ ಇದು. ಫಾರ್ಮ್‌ನಲ್ಲಿ ನೀವು ಇಷ್ಟೆಲ್ಲ ಗುಣಾಕಾರ ಮಾಡಬೇಕಿಲ್ಲ. ಯಾರ ಸಂಬಳ ಎಷ್ಟು, ಯಾರಿಂದ ಕಟ್ ಆದ ತೆರಿಗೆ ಎಷ್ಟು ಎಂದು ಎರಡು ಕಾಲಂನಲ್ಲಿ ಬಿಡಿಸಿ ಬರೆದರೆ ಸಾಕು. ಹಂಚುವ ಕೆಲಸ ಐಆರ್‌ಎಸ್‌ನದು.

ನಿಮ್ಮ ರಿಟರ್ನ್ ಆಗಲೇ ಪ್ರಾಸೆಸ್ ಆಗಿ ಹಣವೂ ಹೋಗಿರುವುದರಿಂದ ಫಾರ್ಮ್ 8379 ಒಂದನ್ನೇ ಬಿಡಿಯಾಗಿ ಅಂಚೆಯಲ್ಲಿ ಕಳಿಸಿ. ಇಬ್ಬರದೂ ಡಬ್ಲ್ಯೂ-2 (ಕಂಪನಿ ಕೊಡುವ ಸಂಬಳ ಮತ್ತು ತೆರಿಗೆ ಕಡಿತದ ಪತ್ರ) ಪ್ರತಿಗಳು, ತೆರಿಗೆ ಕಟ್ ಆದ 1099 (ಬೇರೆ ಆದಾಯದ ಪತ್ರ) ಏನಾದರೂ ಇದ್ದರೆ ಅದೂ ಜೊತೆಗಿರಲಿ. ರಿಟರ್ನ್‌ನ ಪ್ರತಿ ಲಗತ್ತಿಸಬೇಡಿ. ಹೆಸರು ಮತ್ತು ಸೋಷಿಯಲ್ ಸೆಕ್ಯುರಿಟಿ ನಂಬರ್‌ಗಳು ರಿಟರ್ನ್‌ನಲ್ಲಿ ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಇಲ್ಲೂ ಇರಬೇಕು. ಮೇಲೆ ಗಂಡನ ಹೆಸರು ಇತ್ತು ಎಂದು ಬೇಸರಪಟ್ಟು ಇಲ್ಲಿ ತಿರುಗಿಸಬೇಡಿ. ಬಿಡಿಯಾಗಿ ಕಳಿಸುವಾಗ ನಿಮ್ಮ ಸಹಿ ಒಂದೇ ಸಾಕು. ಹಣವನ್ನು ಇಬ್ಬರ ಹೆಸರಿನಲ್ಲಿ ಕೊಡಿ ಎನ್ನುವ ಒಂದು ಚೌಕವಿದೆ, ಅದನ್ನು ಗುರುತು ಮಾಡದಿದ್ದರೆ ನಿಮ್ಮ ಹೆಸರಿಗೇ ಬರುತ್ತದೆ. ಹೀಗೆ ಬಿಡಿಯಾಗಿ ಕಳಿಸಿದ್ದಕ್ಕೆ ಐಆರ್‌ಎಸ್ ಹೇಳುವ ಅವಧಿ ಸುಮಾರು 8 ವಾರ. ರಿಟರ್ನ್ ಜೊತೆಗೇ ಹಾಕಿದರೆ ಇ-ಫೈಲ್‌ಗೆ 11 ವಾರ, ಕಾಗದದಲ್ಲಾದರೆ 14 ವಾರ. ಗಡುವು ಸಾಮಾನ್ಯವಾಗಿ ರಿಟರ್ನ್‌ನ ಕೊನೇ ದಿನಾಂಕದಿಂದ 3 ವರ್ಷ, ಹಾಗಾಗಿ 2024ರ ಸಾಲಿಗೆ 2028ರ ಏಪ್ರಿಲ್‌ವರೆಗೂ ಕಾಲವಿದೆ. ಹಿಂದಿನ ವರ್ಷಗಳಲ್ಲೂ ಹೀಗೆ ಹೋಗಿದ್ದರೆ ಪ್ರತಿ ವರ್ಷಕ್ಕೂ ಪ್ರತ್ಯೇಕ ಫಾರ್ಮ್. ಒಂದು ಸಲ ಹಾಕಿದರೆ ಮುಂದಿನ ವರ್ಷಗಳಿಗೂ ತಾನಾಗಿ ಅನ್ವಯಿಸುತ್ತದೆ ಎಂಬುದು ತಪ್ಪು ಕಲ್ಪನೆ.

ಒಂದು ಸಂಗತಿಗೆ ಮನೆಯಲ್ಲಿ ಇಬ್ಬರೂ ಮಾನಸಿಕವಾಗಿ ತಯಾರಾಗಬೇಕು. 4,718 ಹೋದ ಮೇಲೆ ಬಾಕಿ 6,682ಕ್ಕೆ ಇಳಿದಿದೆ ಎಂದು ಅವರಿಗೆ ತುಸು ಹಗುರ ಅನಿಸಿರುತ್ತದೆ. ನಿಮ್ಮ ಪಾಲು ನಿಮಗೆ ವಾಪಸ್ ಬಂದಾಗ ಅಷ್ಟನ್ನೂ ರಾಜ್ಯದ ಲೆಕ್ಕದಿಂದ ಹಿಂದಕ್ಕೆ ಪಡೆಯುತ್ತಾರೆ, ಬಾಕಿ ಮತ್ತೆ 10,543ಕ್ಕೆ ಏರುತ್ತದೆ. ಜಾಯಿಂಟ್ ರಿಟರ್ನ್‌ನ ರಿಫಂಡ್ ಎಂದು ಗೊತ್ತಿದ್ದರೆ ಕೆಲವು ಪ್ರಕರಣಗಳಲ್ಲಿ ರಾಜ್ಯಗಳು ಹಣವನ್ನು ಆರು ತಿಂಗಳವರೆಗೆ ಹಿಡಿದಿಟ್ಟುಕೊಳ್ಳುವುದು ಇದೇ ಕಾರಣಕ್ಕೆ. ನಿಮ್ಮ ಫಾರ್ಮ್ ಬೇಗ ಹೋದಷ್ಟೂ, ಆ ತಾಯಿಯ ಕೈ ಸೇರಿದ ಮೇಲೆ ವಾಪಸ್ ಕೇಳುವ ಇಕ್ಕಟ್ಟು ತಪ್ಪುತ್ತದೆ. ಅಲ್ಲಿ ಸ್ಕೂಲಿಗೆ ಹೋಗುವ ಒಂದು ಮಗು ಇದೆ ಎಂಬುದು ನಿಮಗೂ ಗೊತ್ತಿದೆ.

ಮುಂದಿನ ವರ್ಷದ ಮಾತು. ಬೇರೆ ಬೇರೆ ರಿಟರ್ನ್ ಹಾಕುವುದು ಒಂದು ದಾರಿ. ಅದು ಬಲು ದುಬಾರಿ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ನಿಮ್ಮ ಅಂಕಿಗಳನ್ನೇ ಇಟ್ಟು ನೋಡಿ: ಬೇರೆ ಬೇರೆ ಹಾಕಿದ್ದರೆ ಇಬ್ಬರ ತೆರಿಗೆ ಸೇರಿ 12,457, ಜಾಯಿಂಟ್‌ಗಿಂತ ಕೇವಲ 175 ಡಾಲರ್ ಹೆಚ್ಚು. ನಿಮ್ಮ ರಿಫಂಡ್ 3,759 ಯಾವ ಫಾರ್ಮೂ ಇಲ್ಲದೆ ನೇರ ನಿಮ್ಮ ಖಾತೆಗೆ ಬರುತ್ತಿತ್ತು. ಮಕ್ಕಳಿಲ್ಲದ, ಇಬ್ಬರೂ ಸರಿಸುಮಾರು ಸಮ ದುಡಿಯುವ ದಂಪತಿಗೆ ಇದು ಕೆಟ್ಟ ವ್ಯಾಪಾರವಲ್ಲ. ಆದರೆ ಸ್ಟೂಡೆಂಟ್ ಲೋನ್ ಬಡ್ಡಿಯ ಕಡಿತ, ಓದಿನ ಕ್ರೆಡಿಟ್‌ಗಳು ಬೇರೆ ಬೇರೆ ಹಾಕುವವರಿಗೆ ಸಿಗುವುದಿಲ್ಲ, ಡೇಕೇರ್ ಕ್ರೆಡಿಟ್ ಸಹ ಸಾಮಾನ್ಯವಾಗಿ ಇಲ್ಲ. ಒಟ್ಟಿಗೆ ವಾಸಿಸುತ್ತ ಬೇರೆ ಹಾಕುವವರಿಗೆ ರಾತ್ ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಯ ಬಾಗಿಲು 10,000 ಡಾಲರ್ ಆದಾಯಕ್ಕೇ ಮುಚ್ಚಿಕೊಳ್ಳುತ್ತದೆ. ಒಬ್ಬರು ಖರ್ಚುಗಳನ್ನು ಪಟ್ಟಿ ಮಾಡಿ ಕಡಿತ ಕೇಳಿದರೆ ಇನ್ನೊಬ್ಬರೂ ಹಾಗೇ ಕೇಳಬೇಕು. ಮನೆ ಸಾಲ, ಮಗು, ಓದು ಇವುಗಳಲ್ಲಿ ಯಾವುದಾದರೂ ಬಂದ ವರ್ಷ ಲೆಕ್ಕ ಮತ್ತೆ ಹೊಸದಾಗಿ ಹಾಕಿ. ಇನ್ನೊಂದು: ಬೇರೆ ಬೇರೆ ಹಾಕಿದ್ದನ್ನು 3 ವರ್ಷದೊಳಗೆ ಜಾಯಿಂಟ್ ಮಾಡಿಕೊಳ್ಳಬಹುದು. ಜಾಯಿಂಟ್ ಹಾಕಿದ್ದನ್ನು ಏಪ್ರಿಲ್ 15 ದಾಟಿದ ಮೇಲೆ ಒಡೆಯಲು ಬರುವುದಿಲ್ಲ, ಹಾಗಾಗಿ 2024ರ ಸಾಲಿಗೆ ನಿಮಗೆ ಉಳಿದಿರುವುದು 8379 ಮಾತ್ರ.

ನನಗೆ ಹೆಚ್ಚು ಹಿಡಿಸುವ ದಾರಿ ಇದಕ್ಕಿಂತ ಸರಳ. 70,000 ಸಂಬಳಕ್ಕೆ ನಿಮ್ಮಿಂದ 11,000 ಕಟ್ ಆಗಿದೆ ಎಂದರೆ ನಿಮ್ಮ ಡಬ್ಲ್ಯೂ-4ನಲ್ಲಿ (ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ಕಂಪನಿಗೆ ಬರೆದುಕೊಡುವ ಫಾರ್ಮ್) ತಿಂಗಳಿಗೆ 300ಕ್ಕೂ ಮೇಲೆ ಹೆಚ್ಚುವರಿಯಾಗಿ ಹಿಡಿಯಲು ನೀವೇ ಬರೆದುಕೊಟ್ಟಿರಬೇಕು. ನಮ್ಮವರು ಹಲವರು ರಿಫಂಡ್ ಅನ್ನು ಚೀಟಿ ಹಾಕಿದ ಹಾಗೆ ನೋಡುತ್ತಾರೆ: ತಿಂಗಳು ತಿಂಗಳು ಕಟ್ಟಿದ್ದು ಮಾರ್ಚ್‌ನಲ್ಲಿ ಇಡಿಯಾಗಿ ಕೈಗೆ ಬರಲಿ ಎಂದು. ಬಡ್ಡಿಯಿಲ್ಲದ ಈ ಉಳಿತಾಯವನ್ನು ಸಾಮಾನ್ಯ ದಿನಗಳಲ್ಲಿ ನಾನು ಆಕ್ಷೇಪಿಸುವುದಿಲ್ಲ, ಅವರವರ ಶಿಸ್ತು ಅವರವರದು. ಆದರೆ ಮನೆಯಲ್ಲಿ ಇಂಥ ಬಾಕಿ ಇರುವಾಗ ನಿಮ್ಮ ದುಡ್ಡನ್ನು ಸರ್ಕಾರದ ಬಳಿ ಇಡುವುದರಲ್ಲಿ ಅರ್ಥವಿಲ್ಲ. ನಿಮ್ಮ ಎಚ್‌ಆರ್‌ಗೆ ಹೊಸ ಡಬ್ಲ್ಯೂ-4 ಕೊಟ್ಟು, 4(ಸಿ) ಸಾಲಿನ ಹೆಚ್ಚುವರಿ ಮೊತ್ತ ತೆಗೆಸಿ. ಆ 300 ಡಾಲರ್ ಪ್ರತಿ ತಿಂಗಳೂ ನಿಮ್ಮ ಸಂಬಳದಲ್ಲೇ ಬರುತ್ತದೆ, ಹಿಡಿಯಲು ರಿಫಂಡೇ ಹೆಚ್ಚು ಇರುವುದಿಲ್ಲ. ಇದರಲ್ಲಿ ಕಳ್ಳತನ ಏನೂ ಇಲ್ಲ. ಅಪಾಯ ಇರುವುದು ಅತಿ ಮಾಡಿದರೆ: ಕಟ್ ಆಗುವುದು ಕಡಿಮೆಯಾಗಿ ವರ್ಷದ ಕೊನೆಗೆ 1,000 ಡಾಲರ್ ಅಥವಾ ಮೇಲ್ಪಟ್ಟು ತೆರಿಗೆ ಉಳಿದರೆ, ಆ ವರ್ಷದ ತೆರಿಗೆಯ 90 ಶೇಕಡಾ ಅಥವಾ ಹಿಂದಿನ ವರ್ಷದ ತೆರಿಗೆಯಷ್ಟಾದರೂ ಕಟ್ಟಿರದಿದ್ದರೆ, ದಂಡ ಬೀಳಬಹುದು. ಐಆರ್‌ಎಸ್‌ನ ವಿತ್‌ಹೋಲ್ಡಿಂಗ್ ಎಸ್ಟಿಮೇಟರ್‌ನಲ್ಲಿ ಒಮ್ಮೆ ಅಂಕಿ ಹಾಕಿ ನೋಡಿದರೆ ಸಾಕು. ಬರುವ ಹಣ ನಿಮ್ಮೊಬ್ಬರ ಹೆಸರಿನ ಖಾತೆಗೇ ಹೋಗಲಿ. ರಾಜ್ಯದ ಏಜೆನ್ಸಿಗಳಿಗೆ ಬಾಕಿದಾರರ ಬ್ಯಾಂಕ್ ಖಾತೆಗೆ ಕೈ ಹಾಕುವ ಅಧಿಕಾರವೂ ಇದೆ, ಜಾಯಿಂಟ್ ಖಾತೆಯಲ್ಲಿ ಮತ್ತೆ ಇದೇ ರಗಳೆ.

ಡಾಲಸ್ ವಿಷಯ ನೀವು ಕೊನೆಗೆ ಸೇರಿಸಿದ್ದೀರಿ, ಆದರೆ ಅದು ಚಿಕ್ಕದಲ್ಲ. ಟೆಕ್ಸಾಸ್ ‘ಕಮ್ಯೂನಿಟಿ ಪ್ರಾಪರ್ಟಿ’ ರಾಜ್ಯ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಅರಿಜೋನಾ, ನೆವಾಡಾ, ನ್ಯೂ ಮೆಕ್ಸಿಕೋ, ಇಡಾಹೋ, ಲೂಸಿಯಾನಾ, ವಿಸ್ಕಾನ್ಸಿನ್ ಕೂಡ ಇದೇ ಗುಂಪು. ಅಲ್ಲಿ ಮದುವೆಯ ಕಾಲದಲ್ಲಿ ಒಬ್ಬರು ದುಡಿದದ್ದು ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು. ಬೇರೆ ಬೇರೆ ರಿಟರ್ನ್ ಹಾಕಿದರೂ ಇಬ್ಬರ ಸಂಬಳ, ಕಟ್ ಆದ ತೆರಿಗೆ ಎರಡನ್ನೂ ಅರ್ಧರ್ಧ ಮಾಡಿ ತೋರಿಸಬೇಕು. ನಿಮ್ಮ ಇದೇ ಅಂಕಿಗಳು ಟೆಕ್ಸಾಸ್‌ನವಾಗಿದ್ದರೆ ಬೇರೆ ರಿಟರ್ನ್‌ನಲ್ಲಿ ನಿಮ್ಮ ಕೈಗೆ ಬರುತ್ತಿದ್ದದ್ದು 3,759 ಅಲ್ಲ, 2,359. ಮಿಕ್ಕ ಅರ್ಧ ಅವರ ಹೆಸರಿಗೆ ಹೋಗಿ ಬಾಕಿಗೆ ಜಮಾ. 8379 ಹಾಕಿದರೂ ಐಆರ್‌ಎಸ್ ಅಲ್ಲಿನ ರಾಜ್ಯದ ಕಾನೂನಿನಂತೆ ಪಾಲು ಮಾಡುತ್ತದೆ, ನಿಮಗೆ ಇನ್ನೂ ಕಡಿಮೆ ಸಿಗಬಹುದು. ಸಂಬಳವನ್ನು ಅವರವರ ಪ್ರತ್ಯೇಕ ಆಸ್ತಿ ಎಂದು ಮಾಡಿಕೊಳ್ಳುವ ಲಿಖಿತ ಕರಾರಿಗೆ ಟೆಕ್ಸಾಸ್ ಕಾನೂನಿನಲ್ಲಿ ಅವಕಾಶವಿದೆ, ಅದನ್ನು ಅಲ್ಲಿನ ಫ್ಯಾಮಿಲಿ ಲಾಯರ್ ಮೂಲಕವೇ ಮಾಡಿಸಬೇಕು. ಹೋಗುವುದೇ ಬೇಡ ಎಂದು ನಾನು ಹೇಳುವುದಿಲ್ಲ. ಹೋದರೆ, ನಾನು ಮೇಲೆ ಹೇಳಿದ ಡಬ್ಲ್ಯೂ-4 ಮದ್ದು ಅಲ್ಲಿ ಇನ್ನೂ ಹೆಚ್ಚು ಮುಖ್ಯವಾಗುತ್ತದೆ.

ಇದೆಲ್ಲ ಒಂದು ಕಡೆ ಇರಲಿ. ರೋಗದ ಮೂಲ ಇರುವುದು 2023ರಲ್ಲಿ. ಕೆಲಸ ಹೋದ ದಿನ ನಿಮ್ಮ ಯಜಮಾನರು ಕೋರ್ಟಿಗೆ ಹೋಗಿ ‘ಆದಾಯ ನಿಂತಿದೆ, ಮೊತ್ತ ಕಡಿಮೆ ಮಾಡಿ’ ಎಂದು ಅರ್ಜಿ ಹಾಕಿದ್ದರೆ ತಿಂಗಳಿಗೆ 950 ಪೂರ್ತಿ ಏರುತ್ತಲೇ ಇರಬೇಕಿರಲಿಲ್ಲ. ಲೇಆಫ್ ಆದವರು ಅನ್‌ಎಂಪ್ಲಾಯ್‌ಮೆಂಟ್ ಅರ್ಜಿ ಹಾಕುತ್ತಾರೆ, ರೆಸ್ಯೂಮೆ ತಿದ್ದುತ್ತಾರೆ, ಇದೊಂದನ್ನು ಮರೆಯುತ್ತಾರೆ. ಕೆಲಸ ಹೋಯಿತೆಂದು ಆದೇಶ ತಾನಾಗಿ ನಿಲ್ಲುವುದಿಲ್ಲ. 1986ರಲ್ಲಿ ಬಂದ ಬ್ರಾಡ್ಲಿ ತಿದ್ದುಪಡಿಯ ಪ್ರಕಾರ ಒಮ್ಮೆ ಬಾಕಿಯಾದ ಚೈಲ್ಡ್ ಸಪೋರ್ಟ್ ಅನ್ನು ಹಿಂದಿನ ದಿನಾಂಕದಿಂದ ಇಳಿಸಲು ನ್ಯಾಯಾಧೀಶರಿಗೂ ಬರುವುದಿಲ್ಲ. ಅರ್ಜಿ ಹಾಕಿ ಎದುರು ಪಕ್ಷಕ್ಕೆ ತಿಳಿಸಿದ ದಿನದಿಂದ ಮುಂದಕ್ಕಷ್ಟೇ ಬದಲಾವಣೆ. ದಿವಾಳಿ ಅರ್ಜಿ ಹಾಕಿದರೂ ಈ ಸಾಲ ತೊಳೆದು ಹೋಗುವುದಿಲ್ಲ. ಈಗ ಅವರ ಸಂಬಳ ಆದೇಶವಾದ ಕಾಲದ ಸಂಬಳಕ್ಕಿಂತ ಗಣನೀಯವಾಗಿ ಕಡಿಮೆ ಇದ್ದರೆ ಮುಂದಿನ ತಿಂಗಳುಗಳಿಗಾದರೂ ಮರುಪರಿಶೀಲನೆ ಕೇಳಬಹುದು. ಹೆಚ್ಚಿದ್ದರೆ ಸುಮ್ಮನಿರುವುದು ಮೇಲು, ಯಾಕೆಂದರೆ ಕೋರ್ಟು ಏರಿಸಲೂಬಹುದು. ನ್ಯೂಜೆರ್ಸಿಯಲ್ಲಿ ಇಂಥ ಖಾತೆಗಳನ್ನು ನೋಡಿಕೊಳ್ಳುವುದು ಸುಪೀರಿಯರ್ ಕೋರ್ಟಿನ ಪ್ರೊಬೇಷನ್ ವಿಭಾಗ. ಬಾಕಿಯ ಪೂರ್ತಿ ಲೆಕ್ಕದ ಪಟ್ಟಿಯನ್ನು ಅಲ್ಲಿಂದ ತರಿಸಿ, 2023ರಲ್ಲಿ ಏನಾದರೂ ಕಟ್ಟಿದ್ದು ಜಮಾ ಆಗದೇ ಉಳಿದಿದೆಯೇ ಎಂದು ತಾಳೆ ನೋಡಿ.

ಭಾರತದ ಕೋರ್ಟಿನ ಜೀವನಾಂಶ ಆದೇಶಕ್ಕೂ ಹೀಗೆ ರಿಫಂಡ್ ಹಿಡಿಯುತ್ತಾರೆಯೇ ಎಂದು ಬೇರೆ ಓದುಗರೂ ಕೇಳುವುದುಂಟು, ಅದಕ್ಕೂ ಇಲ್ಲೇ ಎರಡು ಮಾತು. ಬೆಂಗಳೂರಿನ ಫ್ಯಾಮಿಲಿ ಕೋರ್ಟಿನ ಆದೇಶ ತಾನಾಗಿ ಈ ಪಟ್ಟಿಗೆ ಸೇರುವುದಿಲ್ಲ. ಇಲ್ಲಿನ ರಾಜ್ಯದ ಏಜೆನ್ಸಿಯಲ್ಲಿ ಪ್ರಕರಣ ತೆರೆದು, ಆದೇಶ ಇಲ್ಲಿ ಜಾರಿಗೆ ಬಂದರೆ ಮಾತು ಬೇರೆ.

ತಮ್ಮನ ಮದುವೆ. ಬಾಕಿ 2,500 ಡಾಲರ್ ಮೀರಿದವರಿಗೆ ಅಮೆರಿಕ ಹೊಸ ಪಾಸ್‌ಪೋರ್ಟ್ ಕೊಡುವುದಿಲ್ಲ, ನವೀಕರಿಸುವುದೂ ಇಲ್ಲ. ನಿಮ್ಮ ಯಜಮಾನರ ಪಾಸ್‌ಪೋರ್ಟ್ ಅವಧಿ ಯಾವಾಗ ಮುಗಿಯುತ್ತದೆ ಎಂದು ಇವತ್ತೇ ತೆಗೆದು ನೋಡಿ. ಡಿಸೆಂಬರ್ ಪ್ರಯಾಣಕ್ಕೆ ಅದು ಸಾಲುವಂತಿದ್ದರೆ ಸರಿ. ನವೀಕರಣ ಬೇಕಿದ್ದರೆ ಟಿಕೆಟ್ ಬುಕ್ ಮಾಡುವ ಮುಂಚೆ ಪ್ರೊಬೇಷನ್ ವಿಭಾಗದ ಜೊತೆ ಮಾತಾಡಿ. ಬಾಕಿ 2,500ಕ್ಕಿಂತ ಕೆಳಗಿಳಿದ ಮಾತ್ರಕ್ಕೆ ತಡೆ ತಾನಾಗಿ ತೆರವಾಗುವುದಿಲ್ಲ. ಹೆಸರನ್ನು ತೆಗೆಯುವಂತೆ ರಾಜ್ಯವೇ ಹೇಳಬೇಕು, ಪೂರ್ತಿ ಕಟ್ಟದೆ ಬಿಡದ ರಾಜ್ಯಗಳೂ ಇವೆ, ಆ ಕಾಗದ ಓಡಾಡಲು ವಾರಗಳು ಹಿಡಿಯುತ್ತವೆ. 8379ರಿಂದ ಬಾಕಿ ಮತ್ತೆ 10,543ಕ್ಕೆ ಏರುತ್ತದೆ ಎಂದೆನಲ್ಲ, ಇಲ್ಲಿ ಅದರ ಬಿಸಿ ತಟ್ಟುತ್ತದೆ. ಬಾಕಿ ಬೇಗ ತೀರಲಿ, ಪಾಸ್‌ಪೋರ್ಟ್ ಸಿಗಲಿ ಎಂದು ನಿಮ್ಮ 3,861 ಅನ್ನು ಅಲ್ಲೇ ಬಿಡುವುದೂ ಒಂದು ಆಯ್ಕೆ. ಅದು ನೀವು ಮನಸಾರೆ ಕೊಟ್ಟದ್ದಾಗಿರಬೇಕು, ಗೊತ್ತಿಲ್ಲದೆ ಹೋದದ್ದಾಗಬಾರದು. ಹಕ್ಕು ಬಿಡುವ ಮುಂಚೆ ಅಷ್ಟು ಬಿಟ್ಟರೂ ಪಾಸ್‌ಪೋರ್ಟ್ ತಡೆ ತೆರವಾಗುತ್ತದೆಯೇ ಎಂದು ಆ ಕಚೇರಿಯಿಂದ ಬರಹದಲ್ಲಿ ಕೇಳಿಕೊಳ್ಳಿ. 6,682 ಉಳಿದಿರುವಾಗ ತೆರವಾಗುವುದು ಕಷ್ಟ ಎಂಬುದು ನನ್ನ ಅಂದಾಜು.

ನ್ಯೂಜೆರ್ಸಿ ರಾಜ್ಯದ ರಿಫಂಡ್ ಕೂಡ ಹೋಗಿದ್ದರೆ 8379 ಅದಕ್ಕೆ ಅನ್ವಯಿಸುವುದಿಲ್ಲ, ಅದು ಫೆಡರಲ್ ರಿಫಂಡ್‌ಗೆ ಮಾತ್ರ. ರಾಜ್ಯಗಳಿಗೆ ಅವರವರದೇ ವಿಧಾನ ಇರುತ್ತದೆ, ನ್ಯೂಯಾರ್ಕ್‌ನಲ್ಲಾದರೆ ಐಟಿ-280 ಎಂಬ ಫಾರ್ಮ್. ನಿಮಗೆ ರಾಜ್ಯದಿಂದ ಬಂದ ನೋಟಿಸಿನಲ್ಲಿ ಆಕ್ಷೇಪಣೆ ಎಲ್ಲಿಗೆ, ಎಷ್ಟು ದಿನದೊಳಗೆ ಕಳಿಸಬೇಕು ಎಂದು ಬರೆದಿರುತ್ತದೆ. ಆ ದಿನಗಳು ಫೆಡರಲ್ ಗಡುವಿನಷ್ಟು ಉದಾರವಾಗಿರುವುದಿಲ್ಲ, ಹಾಗಾಗಿ ಎರಡು ಲಕೋಟೆಗಳಲ್ಲಿ ಮೊದಲು ತೆರೆಯಬೇಕಾದದ್ದು ಅದು.